ಪಾಲೆ ಮರಕ್ಕೆ ಪ್ಲಾಸ್ಟರ್ ಮಾಡಿಸಿದವರಿಗೆ ಒಂದು ಅರಿಕೆ

ಶ್ರೀಯುತ ಪೃಥ್ವಿರಾಜ್ ಅವರಿಗೆ,
ಉದ್ಯಾನ ವಿನ್ಯಾಸಕರು, ‘ಸವನ್ನಾ ಲೋಕ’ ಪ್ರದರ್ಶನ ಉದ್ಯಾನ,
ಸಂಜೀವಿನಿ ವಸಾಹತು, ನೆರೂಲ್, ನವಿ ಮುಂಬಯಿ.

ವಿಷಯ: ಪಾಲೆ ಮರದ ಮೈಮೇಲಿನ ಸಿಮೆಂಟ್ ತೆಗೆಸುವ ಬಗ್ಗೆ.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಕಂಪ್ಯೂಟರಿಗೂ, ತಮ್ಮ ಗುತ್ತಿಗೆದಾರರ ಸಿಮೆಂಟ್ ಮಿಕ್ಸರಿಗೂ ನನ್ನ ಅನಂತ ನಮಸ್ಕಾರಗಳು. ಶ್ರಾವಣದ ಈ ಶುಭ ದಿನಗಳಲ್ಲಿ ತಾವು ಆರೋಗ್ಯವಾಗಿದ್ದೀರಿ, ತಮ್ಮ ಜಿರಾಫೆಗಳೂ ಕ್ಷೇಮವಾಗಿವೆ ಎಂದು ನಂಬಿದ್ದೇನೆ. ನಾನು ಹದಿನಾಲ್ಕನೇ ಕಟ್ಟಡದ ಜಯಲತಾ. ಮೂವತ್ತೊಂದು ವರ್ಷ ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು, ಆದ್ದರಿಂದ ಅರ್ಜಿ ಬರೆಯುವುದು ನನಗೆ ಅನ್ನ ಬಸಿದಷ್ಟೇ ಸಲೀಸು. ಈ ಅರ್ಜಿಯನ್ನು ನಮ್ಮ ಕನ್ನಡ ಸಂಘದ ಮಾಸಿಕದಲ್ಲಿ ಅಚ್ಚು ಹಾಕಿಸುತ್ತಿರುವ ಕಾರಣವಿಷ್ಟೇ: ತಮಗೆ ಬರೆದ ಮೂರು ಖಾಸಗಿ ಪತ್ರಗಳಿಗೆ, ಮೊಬೈಲಿನಲ್ಲಿ ಬಂದ ಒಂದು ಹೆಬ್ಬೆರಳಿನ ಚಿತ್ರ ಬಿಟ್ಟರೆ, ಬೇರೆ ಉತ್ತರವಿಲ್ಲ. ತಾವು ಉಡುಪಿ ಕಡೆಯ ಮನೆತನದವರು, ಆದರೆ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದದ್ದರಿಂದ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುತ್ತೀರಿ ಎಂಬುದು ನನಗೆ ಗೊತ್ತು. ಇದನ್ನು ಓದಲು ತ್ರಾಸವಾದರೆ ಯಾರಿಂದಲಾದರೂ ಓದಿಸಿಕೊಳ್ಳಿ, ತಮ್ಮ ತಾಯಿಯವರಿಂದ ಮಾತ್ರ ಬೇಡ. ಕಾರಣ ಮುಂದೆ ಬರುತ್ತದೆ.

ವಸಾಹತುಗಳ ಉದ್ಯಾನ ಸ್ಪರ್ಧೆಗೆಂದು ನಮ್ಮ ಕಾರ್ಯದರ್ಶಿಗಳು ತಮ್ಮನ್ನು ಕರೆಸಿದ್ದು, ತಾವು ಆಫ್ರಿಕಾವನ್ನು ಕರೆಸಿದ್ದು, ಎರಡೂ ನಮ್ಮ ಭಾಗ್ಯ. ಎರಡು ತಿಂಗಳು ತಗಡಿನ ಬೇಲಿಯ ಹಿಂದೆ ನಡೆದ ತಮ್ಮ ತಪಸ್ಸಿನ ಫಲವನ್ನು ಬೇಲಿ ತೆಗೆದ ದಿನ ಕಣ್ತುಂಬ ನೋಡಿದೆ. ಮುದುಕರು ಕುಳಿತು ಬಿಪಿ ಮಾತ್ರೆಯ ಬಗ್ಗೆ ಚರ್ಚಿಸುತ್ತಿದ್ದ ಕಲ್ಲುಬೆಂಚುಗಳ ಜಾಗದಲ್ಲಿ ಈಗ ಫೈಬರಿನ ಎರಡು ಜಿರಾಫೆಗಳು ನಿಂತು ಎರಡನೇ ಮಹಡಿಯವರ ಅಡುಗೆಮನೆಯೊಳಗೆ ಇಣುಕುತ್ತಿವೆ. ಸಿಂಹವನ್ನು ಹಾಲಿನ ಬೂತಿನ ಎದುರೇ ಬಾಯಿ ತೆರೆಸಿ ಕೂರಿಸಿದ್ದರಿಂದ ಜನ ಹಾಲಿನ ಖಾಲಿ ಪ್ಲಾಸ್ಟಿಕ್ ತೊಟ್ಟೆಗಳನ್ನು ಅದರ ಬಾಯಿಗೇ ಹಾಕುತ್ತಿದ್ದಾರೆ, ವಸಾಹತಿಗೆ ಒಂದು ಕಸದ ಬುಟ್ಟಿಯ ಖರ್ಚು ಉಳಿದಿದೆ. ಜೀಬ್ರಾದ ಪಟ್ಟೆಗಳು ಎರಡೇ ಮಳೆಗೆ ಕರಗಿ ಗೊರಸಿಗಿಳಿದಿವೆ. ಅದು ಕತ್ತೆಯೆಂದು ಮಕ್ಕಳು ಹೇಳಿದರೆ ನಾವು ತಿದ್ದುವುದಿಲ್ಲ. ಪ್ರತಿ ವರ್ಷ ನಿಜವಾದ ಫ್ಲೆಮಿಂಗೋ ಹಕ್ಕಿಗಳು ಸಾವಿರಗಟ್ಟಲೆ ಬಂದಿಳಿಯುವ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರುಬಯಲು ಇಲ್ಲಿಂದ ರಿಕ್ಷಾದಲ್ಲಿ ಹತ್ತು ನಿಮಿಷ, ಆದರೆ ಅವು ಕರೆದಾಗ ಬರುವುದಿಲ್ಲ, ಫೋಟೋ ತೆಗೆಯುವಾಗ ಹಾರಿಹೋಗುತ್ತವೆ, ಆದ್ದರಿಂದ ತಾವು ಶಿಸ್ತುಬದ್ಧವಾದ ಹನ್ನೆರಡು ಪ್ಲಾಸ್ಟಿಕ್ ಹಕ್ಕಿಗಳನ್ನು ತರಿಸಿದ್ದು ದೂರದೃಷ್ಟಿಯ ಕೆಲಸ. ವೈಲ್ಡ್‌ಬೀಸ್ಟ್ ಎಂಬ ಆಫ್ರಿಕಾದ ಕಾಡುದನಗಳ ಹಿಂಡು ನುಗ್ಗಿ ನದಿ ದಾಟುವ ದೃಶ್ಯಕ್ಕೆ ಮಾತ್ರ ಗೋಡೆಯ ಮೇಲೆ ಚಿತ್ರ ಬರೆಸಿ ದುಡ್ಡು ಹಾಳುಮಾಡಿದಿರಿ. ಬೆಳಿಗ್ಗೆ ಎಂಟಕ್ಕೆ ಲೋಕಲ್ ಗಾಡಿ ಬರುವಾಗ ದಿವಾ ಸ್ಟೇಶನ್ನಿನಲ್ಲಿ ನಿಂತಿದ್ದರೆ ಅದು ಪುಕ್ಕಟೆಗೆ ಸಿಗುತ್ತಿತ್ತು.

ಗೇಟಿನ ಬಳಿಯಿದ್ದ ಎರಡು ಗುಲ್‌ಮೊಹರ್ ಮರಗಳ ಬಗ್ಗೆಯೂ ಕೃತಜ್ಞತೆ ಹೇಳಬೇಕು. ಅವು ತೀರಾ ‘ಲೋಕಲ್ ಲುಕ್’ ಕೊಡುತ್ತವೆಂದು ತಾವು ಬೇಸರಪಟ್ಟಿರಂತೆ. ಕೊಂಬೆ ಕತ್ತರಿಸಲು ಸಿಕ್ಕಿದ ಅನುಮತಿಯಲ್ಲಿ ಬುಡದವರೆಗೆ ಕತ್ತರಿಸಲಾಯಿತು. ಗುಲ್‌ಮೊಹರಿನ ತವರು ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪ ಎಂದು ಎಂಟನೇ ತರಗತಿಯ ಮಕ್ಕಳ ಮೊಬೈಲ್ ಕೂಡ ಹೇಳುತ್ತದೆ. ಇಡೀ ತೋಟದಲ್ಲಿ ಆ ಕಡೆಗೆ ನಂಟಿದ್ದ ಎರಡೇ ಎರಡು ಜೀವಗಳನ್ನು ಹೀಗೆ ಹುಡುಕಿ ತೆಗೆದ ತಮ್ಮ ಕಣ್ಣಿಗೆ ದೃಷ್ಟಿ ತೆಗೆಯಬೇಕು.

ಇನ್ನು ನನ್ನ ಕೆಸು. ಪೈಪು ಒಡೆದು ಸದಾ ಒದ್ದೆಯಾಗಿರುವ ಮೂಲೆಯಲ್ಲಿ ಪತ್ರೊಡೆಗೆಂದು ನಾನು ನೆಟ್ಟಿದ್ದ ಕೆಸುವಿನ ಸುತ್ತ ತಾವು ಸರಪಳಿ ಕಟ್ಟಿಸಿ, ‘ಕಾಂಗೋ ಕಾಡಿನ ಅಲಂಕಾರ ಸಸ್ಯ, ಮುಟ್ಟಬಾರದು’ ಎಂಬ ಹಿತ್ತಾಳೆಯ ಫಲಕ ನಿಲ್ಲಿಸಿದ್ದೀರಿ. ನಾಲ್ಕು ಎಲೆ ಕೊಯ್ಯಲು ಹೋದರೆ ನಮ್ಮ ಕಾವಲುಗಾರ ಭೀಮು, ಕಲಬುರಗಿ ಕಡೆಯವನು, ಪಾಪ, ಎರಡೂ ಕೈ ಮುಗಿದು, “ಅಕ್ಕಾರ, ಇದು ಆಫ್ರಿಕಾದ ಮಾಲು ಐತ್ರಿ, ನೀವು ಮುಟ್ಟಿದ್ರ ನನ್ನ ನೌಕರಿ ಹೋಗ್ತದ” ಎಂದ. ನಾನೇ ಬೆಲ್ಲ ಹುಣಸೆ ಹಚ್ಚಿ ಹಬೆಯಲ್ಲಿ ಬೇಯಿಸುತ್ತಿದ್ದ ಎಲೆಗೆ ಇಷ್ಟು ದೊಡ್ಡ ಮನೆತನವಿತ್ತೆಂದು ನನಗೆ ತಿಳಿದಿರಲಿಲ್ಲ. ಈ ವರ್ಷ ಆಟಿಯಲ್ಲಿ, ಅಂದರೆ ನಮ್ಮ ತುಳುವರ ಆಷಾಢದಲ್ಲಿ, ನಮ್ಮ ಮನೆಯಲ್ಲಿ ಪತ್ರೊಡೆ ಆಗಲಿಲ್ಲ.

ಇಷ್ಟನ್ನೂ ನಗುತ್ತ ನುಂಗಬಹುದಿತ್ತು. ನುಂಗಲಾಗದ್ದು ತೋಟದ ನಡುಮಧ್ಯೆ ನಿಂತಿದೆ. ಅದರ ಫಲಕದಲ್ಲಿ ‘ಬಾವೊಬಾಬ್, ವಯಸ್ಸು ಎರಡು ಸಾವಿರ ವರ್ಷ’ ಎಂದಿದೆ. ಪೀಪಾಯಿಯಂಥ ಕಾಂಡದ ನಿಜವಾದ ಬಾವೊಬಾಬ್ ಮರಗಳು ಮುಂಬಯಿ ಸುತ್ತಮುತ್ತ ಕೆಲವು ಕಡೆ ಇವೆ, ಮರಾಠಿಯವರು ಅದನ್ನು ಗೋರಖ್ ಚಿಂಚ್ ಎನ್ನುತ್ತಾರೆ. ಒಂದು ಸಸಿ ತಂದು ನೆಡಬಹುದಿತ್ತು, ಆದರೆ ಅದು ಸ್ಪರ್ಧೆಯ ತಾರೀಕಿನೊಳಗೆ ದಪ್ಪವಾಗಲು ಒಪ್ಪುತ್ತಿರಲಿಲ್ಲ. ಆದ್ದರಿಂದ ತಾವು ಮೂವತ್ತು ವರ್ಷದಿಂದ ಅಲ್ಲೇ ನಿಂತಿದ್ದ ನಮ್ಮ ಪಾಲೆ ಮರವನ್ನು, ಬೇರೆ ಕಡೆಯ ಕನ್ನಡಿಗರು ಹಾಲೆ ಎಂದೂ ಇಲ್ಲಿನವರು ಸಾತವಿಣ ಎಂದೂ ಕರೆಯುವ ಅದೇ ಮರವನ್ನು, ಹಿಡಿದು ಕೊಂಬೆ ಮೊಟಕು ಮಾಡಿಸಿ, ಕಾಂಡಕ್ಕೆ ತಂತಿಬಲೆ ಸುತ್ತಿಸಿ, ಅದರ ಮೇಲೆ ಗೇಣುದಪ್ಪ ಸಿಮೆಂಟ್ ಮೆತ್ತಿಸಿ, ಬುಡದ ಮಣ್ಣಿನ ಮೇಲೆ ಕಾಂಕ್ರೀಟ್ ಸುರಿಸಿ, ಮೇಲೆ ಮರಳು ಹರಡಿಸಿ, ಬೂದು ಬಣ್ಣ ಹೊಡೆಸಿ, ಆಫ್ರಿಕಾದ ಪೌರತ್ವ ಕೊಡಿಸಿದ್ದೀರಿ. ಜೀವಂತ ಮರವನ್ನು ಹೀಗೆ ನಿಂತಲ್ಲೇ ಸಮಾಧಿ ಮಾಡಿ ಅದಕ್ಕೆ ಹೆಸರಿನ ಕಲ್ಲನ್ನೂ ನೆಟ್ಟವರನ್ನು ನಾನು ನೋಡಿದ್ದು ಇದೇ ಮೊದಲು.

ಗೊತ್ತಿಲ್ಲದ ಓದುಗರಿಗಾಗಿ ಒಂದು ಮಾತು ಹೇಳಬೇಕು. ಆಟಿ ಅಮಾವಾಸ್ಯೆಯ ದಿನ ನಾವು ತುಳುನಾಡಿನವರು ಖಾಲಿ ಹೊಟ್ಟೆಯಲ್ಲಿ ಪಾಲೆ ತೊಗಟೆಯ ಕಷಾಯ ಕುಡಿಯುತ್ತೇವೆ. ಅದೇ ದಿನ ಇಲ್ಲಿ ಊರಿಗೆ ಊರೇ ಶ್ರಾವಣ ಹಿಡಿಯುವ ಮೊದಲಿನ ಗಟಾರಿ ಎಂದು ಬೇರೆಯದೇ ಬಾಟಲಿಯ ದ್ರವ ಕುಡಿಯುತ್ತದೆ, ಅದು ಅವರವರ ಭಾವಕ್ಕೆ ಬಿಟ್ಟದ್ದು. ಮನೆಯ ಗಂಡಸು ಸೂರ್ಯ ಹುಟ್ಟುವ ಮೊದಲೇ ಹೋಗಿ, ದೀಪ ಹಿಡಿಯದೆ, ಕಬ್ಬಿಣ ಮುಟ್ಟಿಸದೆ, ಬೆಣಚುಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಅದನ್ನು ಕಾಳುಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು, ಕಾಯಿಸಿದ ಕಲ್ಲಿನ ಒಗ್ಗರಣೆ ಕೊಟ್ಟು, ಮುಖ ಹಿಂಡಿಕೊಂಡು ಒಂದು ಲೋಟ ಇಳಿಸಿ, ಮೇಲಿಂದ ಮೆಂತೆ ಗಂಜಿ ಉಣ್ಣಬೇಕು. ರಸ್ತೆ ಬದಿಯಲ್ಲಿ ಬೇಕಾದಷ್ಟು ಪಾಲೆ ಮರಗಳಿವೆಯಲ್ಲ ಎಂದು ತಾವು ಕೇಳಬಹುದು. ಕತ್ತಲಲ್ಲಿ ಮರ ತಪ್ಪಿದರೆ ಏನಾಗುತ್ತದೆಂದು ನನಗೆ ಗೊತ್ತು. ನನ್ನ ಸೋದರಮಾವ ದೇಜಪ್ಪನವರು ಪಾಲೆಯೆಂದು ತಿಳಿದು ವಿಷಮರವಾದ ಕಾಸರಕನ ತೊಗಟೆ ತಂದು ಕುಡಿದು, ಹೊತ್ತು ನೆತ್ತಿಗೇರುವ ಮೊದಲೇ ತೀರಿಕೊಂಡರು. ಆಗ ನನಗೆ ಒಂಬತ್ತು ವರ್ಷ. ಅಂದಿನಿಂದ ನಮ್ಮ ಮನೆಯಲ್ಲಿ ಗುರುತಿನ ಮರ ಬಿಟ್ಟು ಬೇರೆ ಮರ ಮುಟ್ಟುವುದಿಲ್ಲ, ಮರದ ಮೇಲೆ ತಪ್ಪು ಹೆಸರು ಬರೆಯುವುದನ್ನು ನಾವು ತಮಾಷೆ ಎಂದುಕೊಳ್ಳುವುದೂ ಇಲ್ಲ.

ನಾವು ಈ ವಸಾಹತಿಗೆ ಬಂದ ವರ್ಷ ಸೊಂಟದೆತ್ತರವಿದ್ದ ಆ ಪಾಲೆಯನ್ನು ದನ ತಿನ್ನದಂತೆ ಕಾದವಳು ನಾನು, ಅದರ ಬೆನ್ನು ಯಾವುದು ಹೊಟ್ಟೆ ಯಾವುದು ಎಂದು ಬಲ್ಲವರು ನಮ್ಮವರು, ಅಂದರೆ ನನ್ನ ಯಜಮಾನರು ವಸಂತಕುಮಾರ. ಪ್ರತಿ ವರ್ಷ ಹಿಂದಿನ ಸಂಜೆಯೇ ಮರಕ್ಕೆ ನೂಲು ಕಟ್ಟಿ ಗುರುತು ಮಾಡಿ ಬರುತ್ತಿದ್ದರು. ಈ ವರ್ಷ ತಮ್ಮ ತಗಡಿನ ಬೇಲಿ ಅಡ್ಡ ಬಂತು, ಅದರ ಹಿಂದೆ ಕಾಂಡಕ್ಕೆ ಏನಾಗಿದೆ ಎಂದು ನಮಗೆ ಕಾಣಲಿಲ್ಲ. ಅರವತ್ತೆಂಟು ವರ್ಷದ ಮನುಷ್ಯ, ಬಲಗಣ್ಣಿಗೆ ಪೊರೆ, ನಸುಕಿನಲ್ಲಿ ತಗಡಿನ ಸಂದಿಯಲ್ಲಿ ನುಸುಳಿ, ಲೆಕ್ಕಕ್ಕೆ ಸರಿಯಾಗಿ ಅದೇ ಜಾಗದಲ್ಲಿ ನಿಂತಿದ್ದ ಮರವನ್ನೇ ತಡವಿ, ಕಲ್ಲಿನಿಂದ ಜಜ್ಜಿ, ಉದುರಿದ್ದನ್ನು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದರು. “ಈ ಸಲ ತೊಗಟೆ ಭಾರೀ ಗಟ್ಟಿ ಮಾರಾಯ್ತಿ, ಮಳೆ ಜಾಸ್ತಿ ಅಲ್ವಾ” ಎಂದದ್ದಕ್ಕೆ ನಾನೂ ಹೌದೆಂದೆ. ನಿದ್ದೆಗಣ್ಣಿನಲ್ಲಿ ಅದನ್ನು ಮಿಕ್ಸರಿಗೆ ಹಾಕಿದೆ. ಕರ್ರ್ ಎಂದು ಬ್ಲೇಡು ಮುರಿದು ಮುಚ್ಚಳ ಹಾರಿ ಮೇಲೆ ದೇವರ ಫೋಟೋಕ್ಕೆ ಬಡಿಯಿತು. ಲೈಟ್ ಹಾಕಿ ನೋಡಿದರೆ ಜಾರಿನಲ್ಲಿ ಬೆಳ್ಳುಳ್ಳಿ, ಕಾಳುಮೆಣಸು ಮತ್ತು ಒಳ್ಳೆಯ ಗುಣಮಟ್ಟದ ಸಿಮೆಂಟ್. ಕುಡಿದಿದ್ದರೆ ನಮ್ಮಿಬ್ಬರ ಹೊಟ್ಟೆಯಲ್ಲಿ ಸ್ಲ್ಯಾಬ್ ಬೀಳುತ್ತಿತ್ತು, ಅದಕ್ಕೂ ತಾವು ಒಂದು ಫಲಕ ಹಾಕಿಸುತ್ತಿದ್ದಿರೇನೋ.

ಆರೂವರೆಯಾಗುವಷ್ಟರಲ್ಲಿ, ಪ್ರತಿ ವರ್ಷದಂತೆ, ನಮ್ಮ ಮನೆಯ ಕಷಾಯಕ್ಕಾಗಿ ಡೊಂಬಿವಲಿ, ಕಲ್ಯಾಣ, ದಿವಾಗಳಿಂದ ಲೋಕಲ್ ಹಿಡಿದು ಇಪ್ಪತ್ತಮೂರು ಮನೆಯವರು ತಂಬಿಗೆ, ಬಾಟಲಿ ಹಿಡಿದು ನಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಹೋಟೆಲಿನ ಪಾಳಿಗೆ ಹೋಗುವವರು, ಆಫೀಸಿಗೆ ಹೋಗುವವರು, ಎಲ್ಲರೂ ಖಾಲಿ ಹೊಟ್ಟೆಯವರು. ಅವರಲ್ಲಿ ಡೊಂಬಿವಲಿಯ ವಾರಿಜಕ್ಕನೂ ಇದ್ದರು, ಅಂದರೆ ತಮ್ಮ ತಾಯಿಯವರು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಆ ಮಂಡಿನೋವಿನಲ್ಲಿ, ಠಾಣೆಯಲ್ಲಿ ಸೇತುವೆ ಹತ್ತಿ ಗಾಡಿ ಬದಲಿಸಿ ಬಂದಿದ್ದರು. ಮರಕ್ಕೆ ಹೀಗಾಯಿತು ಎಂದಾಗ ಅವರು ಅಂದದ್ದು ಇಷ್ಟು: “ಯಾರೋ ಮರ ಗೊತ್ತಿಲ್ಲದವರು ಮಾಡಿದ್ದಾರೆ ಜಯಾ. ನನ್ನ ಪೃಥ್ವಿಯೂ ಈಗ ಗಾರ್ಡನ್ನೇ ಮಾಡುವುದು, ಅವನಿಗೊಂದು ಫೋನ್ ಮಾಡ್ತೇನೆ, ಅವನು ಬಿಡಿಸ್ತಾನೆ.” ನಾನು ಅವರಿಗೆ ಮೆಂತೆ ಗಂಜಿ ಬಡಿಸಿದೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಯಾರ ಮುಂದೆಯೂ ಸತ್ಯ ಮುಚ್ಚಿಟ್ಟವಳಲ್ಲ ನಾನು, ಅವತ್ತು ಮುಚ್ಚಿಟ್ಟೆ.

ಆಮೇಲೆ ತಮಗೇ ಫೋನ್ ಮಾಡಿದೆ. ತಾವು ಅತ್ಯಂತ ಸೌಜನ್ಯದಿಂದ, “ಆಂಟಿ, ವೋ ಆರ್ಟ್ ಹೈ, ಟೆನ್ಶನ್ ಮತ್ ಲೋ, ಸಿಮೆಂಟ್ ಸೇ ಪೇಡ್ ಕೋ ಸಪೋರ್ಟ್ ಮಿಲ್ತಾ ಹೈ” ಎಂದು ಧೈರ್ಯ ಹೇಳಿದಿರಿ. ಮರಕ್ಕೆ ಬೇಕಾದದ್ದು ಸಿಮೆಂಟಿನ ಆಸರೆ ಎಂಬುದು ಈ ಭೂಮಿಯ ಮೇಲಿನ ಯಾವ ಮರಕ್ಕೂ ಇಷ್ಟು ಕಾಲ ತಿಳಿಯದೆ ಹೋದದ್ದು ಆಶ್ಚರ್ಯ. ತಾಯಿಯ ಫೋನ್ ಬಂತೇ ಎಂದು ಕೇಳಿದೆ. ಮೀಟಿಂಗಿನಲ್ಲಿದ್ದೆ ಎಂದಿರಿ.

ಬೇಲಾಪುರದಲ್ಲಿ ಮರಗಳ ಅರ್ಜಿ ತೆಗೆದುಕೊಳ್ಳುವ ಕಚೇರಿಗೂ ಹೋಗಿ ಬಂದೆ. ಅಲ್ಲಿನ ಗುಮಾಸ್ತರು ಸಜ್ಜನರು, ನನ್ನ ಅರ್ಜಿಯನ್ನು ಎರಡು ಸಲ ಓದಿದರು, ಕಪಾಟಿನಿಂದ ದಪ್ಪ ಫೈಲು ಇಳಿಸಿ ಹುಡುಕಿದರು. ಮರ ಕಡಿಯಲು ಫಾರ್ಮ್ ಇದೆ, ಕೊಂಬೆ ಸವರಲು ಇದೆ, ಬಿದ್ದ ಮರ ಎತ್ತಲು ಇದೆ, ಮರವನ್ನು ಬೇರೆ ಕಡೆ ನೆಡಲೂ ಇದೆ. ಮರಕ್ಕೆ ಪ್ಲಾಸ್ಟರ್ ಮಾಡುವುದಕ್ಕೆ ಫಾರ್ಮ್ ಇಲ್ಲ, ಮಾಡಿದ್ದನ್ನು ತೆಗೆಯುವುದಕ್ಕಂತೂ ಇಲ್ಲವೇ ಇಲ್ಲ. ಮರ ಇನ್ನೂ ನಿಂತಿದೆಯಲ್ಲ, ಹಾಗಾದರೆ ಅಪರಾಧ ಯಾವುದು ಎಂದು ಅವರು ಮರಾಠಿಯಲ್ಲಿ ಕೇಳಿದರು. ಬಿದ್ದ ಮೇಲೆ ಬನ್ನಿ ಎಂದು ಕಳುಹಿಸಿಕೊಟ್ಟರು.

ನನ್ನ ತಂಗಿಯ ಮಗ ಹಿತೇಶ್ ದಾರ್‌ ಎಸ್‌ ಸಲಾಮಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಆಫ್ರಿಕಾದ ತೋಟವನ್ನು ಆಫ್ರಿಕಾದಲ್ಲಿರುವವರೇ ಪರೀಕ್ಷಿಸಲಿ ಎಂದು ಅವನಿಗೆ ಮರದ ಫೋಟೋ ಕಳುಹಿಸಿದೆ. ಅವನ ಜೊತೆ ಅಡುಗೆಮನೆಯಲ್ಲಿರುವ ಅಲ್ಲಿಯದೇ ಊರಿನ ಹೆಂಗಸೊಬ್ಬಳು ಅದನ್ನು ನೋಡಿ, ಅಯ್ಯೋ ಪಾಪ, ಈ ಮರ ಎಲ್ಲಿ ಬಿದ್ದು ಮೂಳೆ ಮುರಿದುಕೊಂಡಿತು ಎಂದು ವಿಚಾರಿಸಿದಳಂತೆ. ತಮ್ಮ ಪರವಾಗಿ ನಾನೇ ಆ ಖಂಡದ ಕ್ಷಮೆ ಕೇಳಿದ್ದೇನೆ, ತಾವು ಅದಕ್ಕಾಗಿ ಪ್ರತ್ಯೇಕ ಶ್ರಮ ಪಡಬೇಕಿಲ್ಲ.

ಈಗ ನನ್ನ ವಿನಮ್ರ ಬೇಡಿಕೆಗಳು. ನಮ್ಮ ಹದಿನಾಲ್ಕನೇ ಕಟ್ಟಡದ ಟೆರೇಸು ಆರು ಮಳೆಗಾಲದಿಂದ ಸೋರುತ್ತಿದೆ, ನಾಲ್ಕು ಜನ ಬಂದು ನೋಡಿ ತಲೆಯಾಡಿಸಿ ಹೋದರು; ಮರದೊಳಗೆ ಒಂದು ತೊಟ್ಟು ನೀರೂ ಇಳಿಯದಂತೆ ಪ್ಲಾಸ್ಟರ್ ಮಾಡಿದ ಆ ಮಹಾನುಭಾವ ಗುತ್ತಿಗೆದಾರರನ್ನು ದಯವಿಟ್ಟು ಒಮ್ಮೆ ಮೇಲಕ್ಕೆ ಹತ್ತಿಸಿ. ನಮ್ಮವರಿಗೆ ಹದಿನೈದು ದಿನದಿಂದ ಊಟ ಸೇರುತ್ತಿಲ್ಲ, ಆ ಮರದ ಕಡೆ ಮುಖ ಮಾಡಿ ಬಾಲ್ಕನಿಯಲ್ಲಿ ಸುಮ್ಮನೆ ಕೂರುತ್ತಾರೆ, ಅವರ ಕೊರಳಿಗೂ ‘ತುಳುನಾಡಿನ ಅಪರೂಪದ ಪ್ರಾಣಿ, ಆಹಾರ ನೀಡಬಾರದು’ ಎಂಬ ಫಲಕ ತೂಗಿಸಿದರೆ ತೀರ್ಪುಗಾರರಿಗೆ ಇನ್ನೊಂದು ಪ್ರದರ್ಶನ ಸಿಕ್ಕಂತಾಗುತ್ತದೆ. ತಾವು ಮುಂದೆ ಅಂಟಾರ್ಕ್ಟಿಕಾ ತೋಟ ಮಾಡುವ ಮನಸ್ಸಿದ್ದರೆ ಮೊದಲೇ ತಿಳಿಸಿ, ತುಳಸಿಗಿಡವನ್ನು ಒಳಗಿಟ್ಟುಕೊಳ್ಳುತ್ತೇನೆ.

ಕುಹಕ ಸಾಕು. ಮಾನ್ಯರೇ, ಮರ ಹಳದಿಯಾಗುತ್ತಿದೆ. ಶ್ರಾವಣದ ಮಳೆಯಲ್ಲಿ ಪಕ್ಕದ ರಸ್ತೆಯ ಪಾಲೆಗಳೆಲ್ಲ ಕಪ್ಪುಹಸಿರಾಗಿ ಮಿಂಚುವಾಗ ನಮ್ಮದರ ತುದಿಯ ಎಲೆಗಳು ಒಂದೊಂದಾಗಿ ಮುದುಡುತ್ತಿವೆ. ನಾನು ತೋಟದ ವಿದ್ಯೆ ಕಲಿತವಳಲ್ಲ, ಆದರೆ ಉಸಿರುಗಟ್ಟಿದ್ದು ನೋಡಿದರೆ ತಿಳಿಯುತ್ತದೆ. ತೀರ್ಪುಗಾರರು ಬಂದು ಹೋಗುವವರೆಗೆ ಕಾಯಿರಿ ಎಂದು ಕಾರ್ಯದರ್ಶಿಗಳು ಹೇಳುತ್ತಾರೆ, ಅದು ಇನ್ನೂ ಹನ್ನೆರಡು ದಿನ. ತಮ್ಮ ಒಂದು ಮಾತು ಸಾಕು, ನಾಳೆಯೇ ಸಿಮೆಂಟ್ ಬಿಡಿಸಬಹುದು. ಜಿರಾಫೆ ಇರಲಿ, ಸಿಂಹ ಇರಲಿ, ನನ್ನ ಕೆಸುವನ್ನೂ ಕಾಂಗೋಕ್ಕೆ ಧಾರೆಯೆರೆದು ಕೊಡುತ್ತೇನೆ. ಮರ ಒಂದನ್ನು ಬಿಟ್ಟುಬಿಡಿ.

ತಮ್ಮ ಕಲೆಯ ಕಾಲಡಿಯಲ್ಲಿ ವಾಸವಾಗಿರುವ, ತಮ್ಮ ಹೆಬ್ಬೆರಳಿನ ಚಿತ್ರವನ್ನು ಇನ್ನೂ ಜೋಪಾನವಾಗಿಟ್ಟುಕೊಂಡಿರುವ,

ತಮ್ಮ ವಿಶ್ವಾಸಿ,
ಜಯಲತಾ ವಸಂತಕುಮಾರ

ತಾ.ಕ.: ಮಾಸಿಕ ಅಚ್ಚಿಗೆ ಹೋಗುವುದು ಮೂರು ವಾರ ತಡವಾದ್ದರಿಂದ ಇದನ್ನು ಸೇರಿಸುತ್ತಿದ್ದೇನೆ. ತಮಗೆ ಹಾರ್ದಿಕ ಅಭಿನಂದನೆಗಳು. ತೀರ್ಪುಗಾರರು ಬರುವ ಎರಡು ದಿನ ಮೊದಲು ಮರ ಎಲೆಗಳನ್ನೆಲ್ಲ ಉದುರಿಸಿತು. ಬೇಸಿಗೆಯ ಬಾವೊಬಾಬ್ ಹೀಗೆಯೇ ಬೋಳಾಗಿರುತ್ತದಂತೆ, ತಮ್ಮ ಗುತ್ತಿಗೆದಾರರು ಖುಷಿಯಿಂದ ಫೋಟೋ ತೆಗೆದರು, ‘ಅತ್ಯಂತ ನೈಜ ವೃಕ್ಷ’ ಎಂದು ತಮಗೆ ಪ್ರಥಮ ಬಹುಮಾನ ಬಂತು. ತಮ್ಮ ತಾಯಿಯವರಿಗೆ ತಮ್ಮ ಹೆಸರನ್ನು ನಾನು ಕೊನೆಯವರೆಗೂ ಹೇಳಲಿಲ್ಲ. ಬಹುಮಾನದ ಬ್ಯಾನರಿನಲ್ಲಿ ತಮ್ಮ ಫೋಟೋವನ್ನು ಕಾರ್ಯದರ್ಶಿಗಳೇ ಗೇಟಿಗೆ ಕಟ್ಟಿಸಿದ್ದರಿಂದ, ನನ್ನನ್ನು ನೋಡಲು ಬಂದ ವಾರಿಜಕ್ಕ ಅದನ್ನು ನೋಡಿ, ನೇರ ಮರದ ಬಳಿಗೆ ಹೋಗಿ, ಭೀಮುವಿನ ಕೈಯಿಂದ ಉಳಿ ಸುತ್ತಿಗೆ ತರಿಸಿಕೊಂಡರು. ನಾಲ್ಕು ದಿನದಿಂದ ದಿನಾ ಡೊಂಬಿವಲಿಯಿಂದ ಬರುತ್ತಿದ್ದಾರೆ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಕೆತ್ತುತ್ತಾರೆ, ಅವರಿಗೆ ದಣಿವಾದಾಗ ನಾನು ಕೆತ್ತುತ್ತೇನೆ. ಒಂದು ಮೊಳದಷ್ಟು ಸಿಮೆಂಟ್ ಕಳಚಿದೆ. ಪಾಲೆಯ ತೊಗಟೆಗೆ ಉಗುರು ತಾಗಿದರೂ ಬಿಳಿ ಹಾಲು ಒಸರಬೇಕು. ನಿನ್ನೆ ನಾಲ್ಕು ಕಡೆ ಗೀರಿ ನೋಡಿದೆವು. ಹಾಲು ಇನ್ನೂ ಬಂದಿಲ್ಲ.